ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನು ಮನೆಯಲ್ಲೇ ಸುರಕ್ಷಿತವಾಗಿ ಇಳಿಸುವುದು ಹೇಗೆ?

ಆಟೋಮ್ಯಾಟಿಕ್ ಕಾರಿನ ಗೇರ್‌ಬಾಕ್ಸನ್ನು ಗ್ಯಾರೇಜಿಗೆ ಕೊಡದೆ ಮನೆಯಲ್ಲೇ ಇಳಿಸಬಹುದೇ ಎಂದು ಓದುಗರು ಪದೇ ಪದೇ ಕೇಳುತ್ತಾರೆ. ಇಳಿಸಬಹುದು. ಬೋಲ್ಟು ಬಿಚ್ಚುವ ಕೆಲಸದಲ್ಲಿ ಅಂಥ ಕಷ್ಟವೇನೂ ಇಲ್ಲ. ಅಪಾಯ ಇರುವುದು ಎರಡು ಕಡೆ. ಒಂದು, ನಿಮ್ಮ ಮೈಮೇಲೆ ನಿಂತಿರುವ ಕಾರಿನ ಭಾರ. ಇನ್ನೊಂದು, ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಕೂತು ಎಣ್ಣೆಯ ಮೂಲಕ ಶಕ್ತಿಯನ್ನು ದಾಟಿಸುವ ಟಾರ್ಕ್ ಕನ್ವರ್ಟರ್. ಮೊದಲನೆಯದು ಜೀವ ತೆಗೆಯಬಲ್ಲದು, ಎರಡನೆಯದು ಗೇರ್‌ಬಾಕ್ಸನ್ನೇ ಹಾಳುಮಾಡಬಲ್ಲದು. ಹಾಗಾಗಿ ಈ ಎರಡರ ಬಗ್ಗೆ ಇಲ್ಲಿ ಹೆಚ್ಚು ಬರೆದಿದ್ದೇವೆ.

ಈ ಲೇಖನ ಯಾವ ಕಾರಿಗೆ?

ಎಂಜಿನ್ ಅಡ್ಡಲಾಗಿ ಕೂತಿರುವ, ಮುಂದಿನ ಚಕ್ರಗಳಿಗೆ ಶಕ್ತಿ ಹೋಗುವ, ಟಾರ್ಕ್ ಕನ್ವರ್ಟರ್ ಇರುವ ಪೆಟ್ರೋಲ್ ಕಾರುಗಳಿಗೆ. ಮಾರುತಿ ಸಿಯಾಜ್‌ನ 4 ಸ್ಪೀಡ್, ಹ್ಯುಂಡೈನ 6 ಸ್ಪೀಡ್ ಆಟೋಮ್ಯಾಟಿಕ್‌ಗಳು ಈ ಗುಂಪಿನವು. ಟಾರ್ಕ್ ಕನ್ವರ್ಟರ್ ಇರುವ ಸಿವಿಟಿಗಳಿಗೂ (ಗೇರುಗಳ ಬದಲು ಬೆಲ್ಟು, ಪುಲ್ಲಿಯಿಂದ ವೇಗ ಹೊಂದಿಸುವಂಥವು) ಕ್ರಮ ಹೆಚ್ಚೂಕಡಿಮೆ ಇದೇ.

ನಿಮ್ಮದು ಎಎಂಟಿ ಆಗಿದ್ದರೆ ಇಲ್ಲಿಗೇ ನಿಲ್ಲಿಸಿ. ಅದು ಮ್ಯಾನುಯಲ್ ಗೇರ್‌ಬಾಕ್ಸ್. ಕ್ಲಚ್ಚನ್ನು ಒತ್ತುವ, ಗೇರು ಬದಲಿಸುವ ಕೆಲಸವನ್ನು ಕಾಲು, ಕೈ ಬದಲು ಯಂತ್ರ ಮಾಡುತ್ತದೆ. ಹೈಡ್ರಾಲಿಕ್ ಎಎಂಟಿಗಳಲ್ಲಿ ಒತ್ತಡದ ಎಣ್ಣೆ ತುಂಬಿದ ಅಕ್ಯುಮ್ಯುಲೇಟರ್ ಇರುತ್ತದೆ. ಒತ್ತಡ ಇಳಿಸದೆ ಅದರ ಬೋಲ್ಟಿಗೆ ಕೈ ಹಾಕಬಾರದು. ಎರಡು ಕ್ಲಚ್ಚಿನ ಡಿಸಿಟಿಗಳಲ್ಲೂ ಇಂಥದೇ ಒತ್ತಡದ ಭಾಗ ಇರಬಹುದು. ಸ್ಟ್ರಾಂಗ್ ಹೈಬ್ರಿಡ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ವೈರುಗಳಲ್ಲಿ ಹೈ ವೋಲ್ಟೇಜ್ ಕರೆಂಟ್ ಹರಿಯುತ್ತದೆ. ತರಬೇತಿ ಇಲ್ಲದವರು ಅವನ್ನು ಮುಟ್ಟುವಂತಿಲ್ಲ.

ಇಳಿಸಲೇಬೇಕೇ? ಮೊದಲು ನೋಡಿ

ಗೇರ್‌ಬಾಕ್ಸ್‌ನಲ್ಲಿ ದೋಷವೇ ಇಲ್ಲದೆ ಅದನ್ನು ಇಳಿಸಿಬಿಡುವುದುಂಟು. ಪಿ0700 ಎಂಬ ದೋಷದ ಕೋಡ್ ಸ್ಕ್ಯಾನರಿನಲ್ಲಿ ಬಂದರೆ "ಗೇರ್‌ಬಾಕ್ಸ್ ಕಂಪ್ಯೂಟರ್ ಏನೋ ದೂರು ಹೇಳುತ್ತಿದೆ" ಎಂದಷ್ಟೇ ಅರ್ಥ. ದೂರೇನೆಂದು ತಿಳಿಯಲು ಗೇರ್‌ಬಾಕ್ಸ್ ಕಂಪ್ಯೂಟರನ್ನೇ ಓದಬಲ್ಲ ಸ್ಕ್ಯಾನರ್ ಬೇಕು. ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಎಲ್ಲ ಕಾರುಗಳಲ್ಲೂ ಅಷ್ಟು ಆಳಕ್ಕೆ ಹೋಗುವುದಿಲ್ಲ. ಎಣ್ಣೆ ಕಡಿಮೆಯಾಗಿದ್ದರೂ, ಬ್ಯಾಟರಿ ಸೋತಿದ್ದರೂ, ಅರ್ತ್ ವೈರು ತುಕ್ಕು ಹಿಡಿದಿದ್ದರೂ ಗೇರು ಜಾರಬಹುದು, ಎಳೆದಾಡಬಹುದು.

ಸೊಲೆನಾಯ್ಡ್ ಎಂದರೆ ಎಣ್ಣೆಯ ದಾರಿಯನ್ನು ತೆರೆದು ಮುಚ್ಚುವ ವಿದ್ಯುತ್ ವಾಲ್ವ್. ಈ ವಾಲ್ವ್‌ಗಳೆಲ್ಲ ಕೂತಿರುವ ಅಲ್ಯೂಮಿನಿಯಂ ತಟ್ಟೆ ವಾಲ್ವ್ ಬಾಡಿ. ಬಹಳಷ್ಟು ಕಾರುಗಳಲ್ಲಿ ಇವೆರಡನ್ನೂ ಗೇರ್‌ಬಾಕ್ಸ್ ಕಾರಿನಲ್ಲೇ ಇರುವಾಗ ಕೆಳಗಿನ ತಟ್ಟೆ ಅಥವಾ ಪಕ್ಕದ ಮುಚ್ಚಳ ಬಿಚ್ಚಿ ಬದಲಿಸಬಹುದು. ಒಳಗಿನ ಕ್ಲಚ್ ಪ್ಲೇಟು ಸುಟ್ಟಿದ್ದರೆ, ಟಾರ್ಕ್ ಕನ್ವರ್ಟರ್ ಅಥವಾ ಪಂಪು ಕೆಟ್ಟಿದ್ದರೆ, ಕನ್ವರ್ಟರ್ ಕಡೆಯ ಮುಂದಿನ ಸೀಲು ಸೋರುತ್ತಿದ್ದರೆ ಮಾತ್ರ ಇಳಿಸುವುದು ಅನಿವಾರ್ಯ.

ಏನೇನು ಬೇಕು

ಇನ್ನೊಬ್ಬರು ಬೇಕೇ ಬೇಕು, ಒಬ್ಬರೇ ಈ ಕೆಲಸಕ್ಕೆ ಇಳಿಯಬೇಡಿ. ಕನ್ವರ್ಟರ್ ಸೇರಿ ಗೇರ್‌ಬಾಕ್ಸ್ 70ರಿಂದ 90 ಕೆ.ಜಿ. ತೂಗುತ್ತದೆ. ಮೊದಲ ಸಲವಾದರೆ ಇಳಿಸುವುದಕ್ಕೇ ಒಂದಿಡೀ ದಿನ ಎತ್ತಿಡಿ.

ಸಮತಟ್ಟಾದ ಕಾಂಕ್ರೀಟ್ ನೆಲ ಬೇಕು. ಮಣ್ಣಿನ ಅಂಗಳ, ಇಂಟರ್‌ಲಾಕ್ ಇಟ್ಟಿಗೆ, ಇಳಿಜಾರು ರ‍್ಯಾಂಪ್ ಇವು ಆಗುವುದಿಲ್ಲ. ಸ್ಟ್ಯಾಂಡಿನ ಕಾಲು ಒಂದು ಕಡೆ ಕುಸಿದರೆ ಕಾರು ವಾಲುತ್ತದೆ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಮಾಡುವವರು ಕಾರಿನ ಸುತ್ತ ಒಂದು ಮೀಟರ್ ಜಾಗ, ಗಾಳಿ, ಬೆಳಕು ಇವೆಯೇ ನೋಡಿಕೊಳ್ಳಿ.

ಉಪಕರಣಗಳು: 2 ಟನ್ನಿನ ಟ್ರಾಲಿ ಜಾಕ್, 3 ಟನ್ನಿನ ಒಂದು ಜೊತೆ ಜಾಕ್ ಸ್ಟ್ಯಾಂಡ್, ಗೇರ್‌ಬಾಕ್ಸ್ ಜಾಕ್ ಅಥವಾ ಟ್ರಾಲಿ ಜಾಕ್ ಮೇಲೆ ಕೂರಿಸುವ ಅಡಾಪ್ಟರ್, ಎಂಜಿನ್ನನ್ನು ಮೇಲಿನಿಂದ ಹಿಡಿದಿಡುವ ಸಪೋರ್ಟ್ ಬಾರ್, ಅರ್ಧ ಇಂಚಿನ ರ‍್ಯಾಚೆಟ್ ಮತ್ತು 10, 12, 14, 17, 19 ಮಿ.ಮೀ. ಸಾಕೆಟ್‌ಗಳು, ಆಕ್ಸಲ್ ನಟ್ಟಿಗೆ 30 ಅಥವಾ 32 ಮಿ.ಮೀ. ಸಾಕೆಟ್, ಉದ್ದ ಎಕ್ಸ್‌ಟೆನ್ಷನ್, ಟಾರ್ಕ್ ರೆಂಚ್, ಬಾಲ್ ಜಾಯಿಂಟ್ ಬಿಡಿಸುವ ಉಪಕರಣ, ಒಂದೆರಡು ಅಡಿ ಉದ್ದದ ಮೀಟು ಸಲಾಕೆ, 10 ಲೀಟರಿನ ಟ್ರೇ, ರ‍್ಯಾಚೆಟ್ ಪಟ್ಟಿ, ಕನ್ನಡಕ, ಕೈಗವಸು. ಬೆಂಗಳೂರಿನವರಿಗೆ ಎಸ್.ಜೆ.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಇವು ಸಿಗುತ್ತವೆ. ಹಣ ಉಳಿಸಲು ಬೇರೆ ಯಾವುದನ್ನಾದರೂ ಬಿಡಿ, ಸ್ಟ್ಯಾಂಡ್ ಮತ್ತು ಸಪೋರ್ಟ್ ಬಾರ್ ವಿಷಯದಲ್ಲಿ ಬೇಡ.

ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನುಯಲ್ ಕೈಯಲ್ಲಿರಲಿ. ಬೋಲ್ಟು ಬಿಗಿಯುವ ಟಾರ್ಕ್ (ತಿರುಚುವ ಬಲ), ಕನ್ವರ್ಟರ್ ಕೂರಬೇಕಾದ ಆಳ, ಎಣ್ಣೆಯ ಹೆಸರು ಈ ಮೂರನ್ನು ಅಂದಾಜಿನಲ್ಲಿ ಮಾಡುವಂತಿಲ್ಲ.

1. ಕಾರು ನೆಲದ ಮೇಲಿರುವಾಗಲೇ ಮಾಡಬೇಕಾದ್ದು

ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಮರದ ಅಡೆ ಕೊಡಿ. ಇದಕ್ಕೊಂದು ಕಾರಣವಿದೆ. "ಪಿ"ಯಲ್ಲಿ ಹಾಕಿದರೆ ಕಾರು ನಿಲ್ಲುತ್ತದೆಂಬ ನಂಬಿಕೆ ಚಕ್ರಕ್ಕೆ ಶಕ್ತಿ ಒಯ್ಯುವ ಡ್ರೈವ್ ಶಾಫ್ಟ್ ಕಳಚಿದ ಕ್ಷಣಕ್ಕೇ ಸುಳ್ಳಾಗುತ್ತದೆ. ಆಮೇಲೆ ಕಾರನ್ನು ಹಿಡಿದಿಡುವುದು ಹ್ಯಾಂಡ್ ಬ್ರೇಕ್ ಮತ್ತು ಅಡೆ ಮಾತ್ರ.

ಮುಂದಿನ ಚಕ್ರದ ನಡುವಿನ ಆಕ್ಸಲ್ ನಟ್ ಬಹಳ ಬಿಗಿ. ಅದರ ಮಡಚಿದ ಅಂಚನ್ನು ಎತ್ತಿ, ಇನ್ನೊಬ್ಬರು ಬ್ರೇಕ್ ತುಳಿದಿರುವಾಗ, ಕಾರು ನೆಲದ ಮೇಲಿರುವಂತೆಯೇ ಅರ್ಧ ಸುತ್ತು ಸಡಿಲಿಸಿ. ಕಾರನ್ನು ಎತ್ತಿದ ಮೇಲೆ ಇದನ್ನು ಬಿಚ್ಚಲು ಬಲ ಹಾಕಿದರೆ ಕಾರು ಸ್ಟ್ಯಾಂಡಿನಿಂದ ಜಾರಬಹುದು. ಹಾಗೆಂದು ನಟ್ ಪೂರ್ತಿ ತೆಗೆದು ಕಾರನ್ನು ಚಕ್ರದ ಮೇಲೆ ಉರುಳಿಸಬೇಡಿ, ಬೇರಿಂಗ್ ಹಾಳಾಗುತ್ತದೆ. ಚಕ್ರದ ನಟ್ಟುಗಳನ್ನೂ ಈಗಲೇ ಸಡಿಲಿಸಿ.

ಲಿವರನ್ನು "ಎನ್"ಗೆ ತನ್ನಿ, ಸ್ಟೀರಿಂಗ್ ನೇರವಾಗಿಟ್ಟು ತಿರುಗದಂತೆ ನೋಡಿಕೊಳ್ಳಿ. ಕೊನೆಗೆ ಬ್ಯಾಟರಿಯ ನೆಗೆಟಿವ್ ತಂತಿ ತೆಗೆದು, ಏರ್‌ಬ್ಯಾಗಿನ ವಿದ್ಯುತ್ ಇಳಿಯಲು ಕನಿಷ್ಠ 3 ನಿಮಿಷ ಕಾಯಿರಿ.

2. ಕಾರನ್ನು ಎತ್ತಿ ನಿಲ್ಲಿಸುವುದು

ಜಾಕ್ ಇರುವುದು ಎತ್ತುವುದಕ್ಕೆ, ಹಿಡಿದಿಡುವುದಕ್ಕಲ್ಲ. ಒಳಗಿನ ರಬ್ಬರ್ ಸೀಲ್ ಯಾವಾಗ ಸೋಲುತ್ತದೆಂದು ಯಾರಿಗೂ ಗೊತ್ತಾಗುವುದಿಲ್ಲ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಇನ್ನೂ ಅಪಾಯ. ಅವು ಬಿರುಕಿನ ಸೂಚನೆಯನ್ನೂ ಕೊಡದೆ ಪುಡಿಯಾಗುತ್ತವೆ.

ಕಂಪನಿ ಗುರುತಿಸಿದ ಜಾಗಗಳಲ್ಲಿ, ಬಾಗಿಲ ಕೆಳಗಿನ ಗಟ್ಟಿ ಅಂಚಿನಲ್ಲಿ ಸ್ಟ್ಯಾಂಡ್ ಕೊಡಿ. ಎಂಜಿನ್ ಕೆಳಗಿನ ಉಕ್ಕಿನ ಚೌಕಟ್ಟಿಗೆ, ಅಂದರೆ ಸಬ್‌ಫ್ರೇಮಿಗೆ, ಕೊಡಬೇಡಿ. ಎಷ್ಟೋ ಕಾರುಗಳಲ್ಲಿ ಗೇರ್‌ಬಾಕ್ಸ್ ಹೊರಬರಲು ಆ ಸಬ್‌ಫ್ರೇಮನ್ನೇ ಇಳಿಸಬೇಕಾಗುತ್ತದೆ. ಆಗ ಸ್ಟ್ಯಾಂಡಿನ ಆಸರೆಯೇ ಹೋಗುತ್ತದೆ.

ಎಷ್ಟು ಎತ್ತರ? ಗೇರ್‌ಬಾಕ್ಸನ್ನು ನಿಲ್ಲಿಸಿದರೆ ಎಷ್ಟು ಎತ್ತರವೋ ಅದಕ್ಕೆ ಜಾಕಿನ ಕನಿಷ್ಠ ಎತ್ತರ ಸೇರಿಸಿ. ಸಾಮಾನ್ಯವಾಗಿ 55ರಿಂದ 60 ಸೆಂ.ಮೀ. ಬೇಕಾಗುತ್ತದೆ. ಅಷ್ಟು ಎತ್ತಲು ಆಗದಿದ್ದರೆ, ಇಳಿಸಿದ ಮೇಲೆ ಗೇರ್‌ಬಾಕ್ಸನ್ನು ಜಾಕಿನಿಂದ ಪ್ಲೈವುಡ್ ಹಲಗೆಗೆ ಜಾರಿಸಿ ಎಳೆದುಕೊಳ್ಳಬಹುದು. ಸ್ಟ್ಯಾಂಡನ್ನು ಅದರ ಕೊನೆಯ ಹಲ್ಲಿನವರೆಗೆ ಎತ್ತರಿಸುವುದಕ್ಕಿಂತ ಇದು ವಾಸಿ.

ಸ್ಟ್ಯಾಂಡ್ ಮೇಲೆ ಕೂರಿಸಿದ ಮೇಲೆ, ಕೆಳಗೆ ನುಗ್ಗುವ ಮೊದಲು, ಕಾರನ್ನು ಬಲವಾಗಿ ಅಲ್ಲಾಡಿಸಿ ನೋಡಿ. ಜಾರುವುದಿದ್ದರೆ ಈಗಲೇ ಜಾರಲಿ. ತೆಗೆದ ಎರಡು ಚಕ್ರ ಮತ್ತು ಸ್ಟೆಪ್ನಿಯನ್ನು ಕಾರಿನ ಅಂಚಿನಡಿ ಮಲಗಿಸಿಡಿ. ಸ್ಟ್ಯಾಂಡ್ ಕೈಕೊಟ್ಟರೆ ನಿಮಗೂ ಲೋಹಕ್ಕೂ ನಡುವೆ ಆ ಟೈರಿನ ದಪ್ಪದಷ್ಟು ಜಾಗ ಉಳಿಯುತ್ತದೆ.

3. ಮೇಲಿನಿಂದ ಬಿಚ್ಚುವುದು

ಏರ್ ಫಿಲ್ಟರ್ ಡಬ್ಬಿ, ಬ್ಯಾಟರಿ, ಅದರ ತಟ್ಟೆ ತೆಗೆದರೆ ಗೇರ್‌ಬಾಕ್ಸಿನ ಮೇಲ್ಭಾಗ ಕಾಣುತ್ತದೆ. ಪ್ರತಿಯೊಂದು ವೈರಿನ ಕನೆಕ್ಟರ್ ಬಿಚ್ಚುವ ಮೊದಲು ಫೋಟೋ ತೆಗೆದು, ಎರಡೂ ತುದಿಗೆ ಒಂದೇ ನಂಬರಿನ ಚೀಟಿ ಅಂಟಿಸಿ. ಹಳೆಯ ಕನೆಕ್ಟರುಗಳ ಪ್ಲಾಸ್ಟಿಕ್ ಬಿಸಿಗೆ ಒಣಗಿರುತ್ತದೆ. ವೈರು ಹಿಡಿದೆಳೆಯದೆ ಲಾಕ್ ಒತ್ತಿ ತೆಗೆಯಿರಿ.

ಗೇರ್ ಕೇಬಲನ್ನು ಗೇರ್‌ಬಾಕ್ಸಿನ ಮೇಲಿರುವ ಲಿವರಿನಿಂದ ಬಿಡಿಸಿ, ಅದರ ಹೊಂದಾಣಿಕೆಯ ನಟ್ ಮುಟ್ಟಬೇಡಿ. ಸ್ಟಾರ್ಟರ್ ಮೋಟರ್ ತೆಗೆಯಿರಿ. ಕನ್ವರ್ಟರಿನ ಬೋಲ್ಟು ತಲುಪಲು ಕೆಲವು ಕಾರುಗಳಲ್ಲಿ ಆ ಕಿಂಡಿಯೇ ದಾರಿ.

ಎಣ್ಣೆ ತಂಪು ಮಾಡುವ ಕೂಲರ್ ಪೈಪುಗಳನ್ನು ಬಿಚ್ಚಿದ ತಕ್ಷಣ ಬಾಯಿಗೆ ಮುಚ್ಚಳ ಹಾಕಿ. ಒಂದು ಕಣ ಮರಳು ಒಳಹೊಕ್ಕರೂ ಅದು ವಾಲ್ವ್ ಬಾಡಿಯವರೆಗೆ ಹೋಗಬಹುದು. ಹೊಸ ಕಾರುಗಳಲ್ಲಿ ಕೂಲರ್ ಗೇರ್‌ಬಾಕ್ಸಿನ ಮೇಲೇ ಇದ್ದು, ಅದರೊಳಗೆ ರೇಡಿಯೇಟರಿನ ಕೂಲಂಟ್ ಹರಿಯುತ್ತದೆ. ಹಾಗಿದ್ದರೆ ಎಂಜಿನ್ ತಣ್ಣಗಾದ ಮೇಲೆ ಕೂಲಂಟನ್ನೂ ಇಳಿಸಿ.

ಬೆಲ್ ಹೌಸಿಂಗ್ ಎಂದರೆ ಗೇರ್‌ಬಾಕ್ಸಿನ ಘಂಟೆಯಾಕಾರದ ಅಗಲ ಬಾಯಿ, ಎಂಜಿನ್ನಿಗೆ ಅಂಟಿಕೊಳ್ಳುವ ಭಾಗ. ಅದರ ಮೇಲಿನ ಬೋಲ್ಟುಗಳನ್ನು ಬಿಚ್ಚಿ, ಆದರೆ ಎರಡನ್ನು ಉಳಿಸಿ. ಈ ಬೋಲ್ಟುಗಳ ಉದ್ದ ಬೇರೆ ಬೇರೆ. ರಟ್ಟಿನ ಮೇಲೆ ಬೆಲ್ ಹೌಸಿಂಗಿನ ಚಿತ್ರ ಬರೆದು, ಬೋಲ್ಟನ್ನು ಅದರದರ ಜಾಗದಲ್ಲೇ ಚುಚ್ಚಿಡಿ. ಉದ್ದದ ಬೋಲ್ಟು ಗಿಡ್ಡ ತೂತಿಗೆ ಹೋದರೆ ಅಲ್ಯೂಮಿನಿಯಂ ಸೀಳುತ್ತದೆ.

4. ಎಣ್ಣೆ ಇಳಿಸುವುದು

ಉಗುರುಬೆಚ್ಚಗಿರುವಾಗ ಇಳಿಸಿ, ಕುದಿಯುವ ಬಿಸಿಯಲ್ಲಿ ಬೇಡ. ಸಣ್ಣ ಕಾರುಗಳಲ್ಲಿ ಒಟ್ಟು 6 ಲೀಟರಿನ ಆಸುಪಾಸು ಎಣ್ಣೆ ಇದ್ದರೂ ಡ್ರೈನ್ ಬೋಲ್ಟಿನಿಂದ ಬರುವುದು 3ರಿಂದ 4 ಲೀಟರ್. ಉಳಿದದ್ದು ಕನ್ವರ್ಟರ್ ಮತ್ತು ಕೂಲರಿನಲ್ಲಿ ನಿಂತಿರುತ್ತದೆ. ಎಷ್ಟು ಬಂತೆಂದು ಅಳೆದು ಬರೆದಿಡಿ. ತುಂಬುವಾಗ ಈ ಲೆಕ್ಕ ಬೇಕು.

ಎಣ್ಣೆಯನ್ನು ನೋಡಿ, ಮೂಸಿ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಕ್ಲಚ್ ಪ್ಲೇಟು ಸುಟ್ಟಿದೆ. ಸ್ಟ್ರಾಬೆರಿ ಮಿಲ್ಕ್‌ಶೇಕಿನ ಹಾಗೆ ಗುಲಾಬಿ ನೊರೆಯಿದ್ದರೆ ಕೂಲರ್ ಒಡೆದು ಕೂಲಂಟ್ ಬೆರೆತಿದೆ. ಆಗ ಕೂಲರನ್ನೂ ಬದಲಿಸದೆ ರಿಪೇರಿಯಾದ ಗೇರ್‌ಬಾಕ್ಸ್ ಕೂರಿಸಿದರೆ ಅದೂ ಹಾಳಾಗುತ್ತದೆ. ಡ್ರೈನ್ ಬೋಲ್ಟಿನ ಅಯಸ್ಕಾಂತಕ್ಕೆ ಬೂದುಬಣ್ಣದ ನುಣ್ಣನೆಯ ಮಣ್ಣಿನಂಥ ಪುಡಿ ಅಂಟಿರುವುದು ಸಹಜ. ಚೂರುಗಳು ಸಹಜವಲ್ಲ.

ಬಳಸಿದ ಎಣ್ಣೆ 2016ರ ಕೇಂದ್ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ಚರಂಡಿಗೆ, ತೆಂಗಿನ ಬುಡಕ್ಕೆ ಸುರಿಯಬೇಡಿ. ಕ್ಯಾನಿನಲ್ಲಿ ತುಂಬಿ, ಹಳೆ ಎಣ್ಣೆಯನ್ನು ಮರುಬಳಕೆಗೆ ಕಳಿಸುವ ಗ್ಯಾರೇಜಿಗೆ ಕೊಡಿ.

5. ಡ್ರೈವ್ ಶಾಫ್ಟ್ ಬಿಡಿಸುವುದು

ಚಕ್ರದ ಕಡೆಯ ಭಾಗವನ್ನು ಕೆಳಗಿನ ತೋಳಿಗೆ ಸೇರಿಸುವ ಬಾಲ್ ಜಾಯಿಂಟನ್ನು ಬಿಡಿಸಿ, ಆಕ್ಸಲ್ ನಟ್ ಪೂರ್ತಿ ತೆಗೆದು, ಚಕ್ರ ಕೂರುವ ಹಬ್ ಭಾಗವನ್ನು ಹೊರಕ್ಕೆ ಸರಿಸಿದರೆ ಶಾಫ್ಟಿನ ಹೊರ ತುದಿ ಕಳಚುತ್ತದೆ. ಶಾಫ್ಟಿನ ತುದಿಗೆ ನೇರ ಸುತ್ತಿಗೆ ಹೊಡೆಯಬೇಡಿ, ಅದರ ಥ್ರೆಡ್ ಕೆಟ್ಟುಹೋಗುತ್ತದೆ. ಎಬಿಎಸ್ ವೈರು, ಬ್ರೇಕ್ ಹೋಸ್ ಎಳೆತಕ್ಕೆ ಸಿಗದಂತೆ ಮೊದಲೇ ಕ್ಲಿಪ್ ಬಿಡಿಸಿ.

ಒಳ ತುದಿ ತೆಗೆಯುವಾಗ ಶಾಫ್ಟನ್ನು ಹಿಡಿದು ಎಳೆಯುವುದು ಸಾಮಾನ್ಯ ತಪ್ಪು. ಹಾಗೆಳೆದರೆ ರಬ್ಬರ್ ಬೂಟಿನೊಳಗಿನ ಜಾಯಿಂಟ್ ಕಳಚಿಕೊಳ್ಳುತ್ತದೆ, ಶಾಫ್ಟಿನ ತುದಿ ಮಾತ್ರ ಗೇರ್‌ಬಾಕ್ಸಿನಲ್ಲೇ ಉಳಿಯುತ್ತದೆ. ಜಾಯಿಂಟಿನ ಡಬ್ಬಿ ಮತ್ತು ಗೇರ್‌ಬಾಕ್ಸ್ ನಡುವೆ ಸಲಾಕೆ ಕೊಟ್ಟು ಒಮ್ಮೆಗೇ ಚುರುಕಾಗಿ ಮೀಟಿ. ಒಳಗಿನ ಕ್ಲಿಪ್ "ಟಕ್" ಎಂದು ಬಿಡುತ್ತದೆ. ಸಲಾಕೆ ಎಣ್ಣೆ ಸೀಲಿಗೆ ತಾಗದಿರಲಿ. ಶಾಫ್ಟ್ ಬಂದ ಕೂಡಲೇ ಇನ್ನಷ್ಟು ಎಣ್ಣೆ ಸುರಿಯುತ್ತದೆ, ಟ್ರೇ ಅಲ್ಲೇ ಇರಲಿ. ಎರಡೂ ಶಾಫ್ಟ್ ಬಂದ ಮೇಲೆ ತೂತುಗಳಿಗೆ ಪ್ಲಗ್ ಹಾಕಿ. ಕೆಲವು ಗೇರ್‌ಬಾಕ್ಸುಗಳಲ್ಲಿ ಆಸರೆ ಇಲ್ಲದಾಗ ಎರಡೂ ಚಕ್ರಗಳಿಗೆ ಶಕ್ತಿ ಹಂಚುವ ಒಳಗಿನ ಡಿಫರೆನ್ಷಿಯಲ್ ಗೇರುಗಳು ಜಾಗ ಬಿಟ್ಟು ಹೊರಳುತ್ತವೆ.

6. ಟಾರ್ಕ್ ಕನ್ವರ್ಟರನ್ನು ಬಿಡಿಸುವುದು

ಇಡೀ ಕೆಲಸದಲ್ಲಿ ಹೆಚ್ಚು ಜನ ಎಡವುವುದು ಇಲ್ಲಿ. ಕನ್ವರ್ಟರ್ ಎಂದರೆ ಎಣ್ಣೆ ತುಂಬಿದ, ಕುಂಬಳಕಾಯಿ ಆಕಾರದ ಉಕ್ಕಿನ ಡಬ್ಬಿ. ಅದರ ಹಿಂದಿನ ಕೊಳವೆ ಗೇರ್‌ಬಾಕ್ಸಿನ ಎಣ್ಣೆ ಪಂಪಿನೊಳಗೆ ಕಚ್ಚಿಕೊಂಡಿರುತ್ತದೆ. ಮುಂದಿನ ಮೈ ಫ್ಲೆಕ್ಸ್ ಪ್ಲೇಟಿಗೆ ಬೋಲ್ಟ್ ಆಗಿರುತ್ತದೆ. ಫ್ಲೆಕ್ಸ್ ಪ್ಲೇಟ್ ಎಂದರೆ ಎಂಜಿನ್ನಿನ ತಿರುಗುವ ಮುಖ್ಯ ಶಾಫ್ಟಾದ ಕ್ರ್ಯಾಂಕಿಗೆ ಕೂರಿಸಿದ ತೆಳು ಉಕ್ಕಿನ ತಟ್ಟೆ, ಮ್ಯಾನುಯಲ್ ಕಾರಿನ ಫ್ಲೈವೀಲ್ ಇರುವ ಜಾಗದಲ್ಲಿ. ಗೇರ್‌ಬಾಕ್ಸ್ ಇಳಿಯುವಾಗ ಕನ್ವರ್ಟರ್ ಅದರ ಜೊತೆಗೇ ಬರಬೇಕು, ಎಂಜಿನ್ ಕಡೆ ಉಳಿಯಬಾರದು.

ಸ್ಟಾರ್ಟರ್ ಕಿಂಡಿಯಿಂದಲೋ ಕೆಳಗಿನ ಸಣ್ಣ ಮುಚ್ಚಳ ತೆಗೆದೋ ನೋಡಿದರೆ ಒಂದು ಬೋಲ್ಟ್ ಕಾಣುತ್ತದೆ. ಮೊದಲು ಕನ್ವರ್ಟರ್ ಮತ್ತು ಫ್ಲೆಕ್ಸ್ ಪ್ಲೇಟ್ ಎರಡರ ಮೇಲೂ ಒಂದೇ ನೇರದಲ್ಲಿ ಪೇಂಟಿನ ಗುರುತು ಹಾಕಿ. ಒಂದು ಬೋಲ್ಟ್ ತೆಗೆದು, ಕ್ರ್ಯಾಂಕ್ ಪುಲ್ಲಿಯ ನಡುವಿನ ಬೋಲ್ಟಿಗೆ ಸಾಕೆಟ್ ಹಾಕಿ ಎಂಜಿನ್ ತಿರುಗುವ ದಿಕ್ಕಿಗೇ, ಸಾಮಾನ್ಯವಾಗಿ ಗಡಿಯಾರದ ಮುಳ್ಳಿನ ದಿಕ್ಕಿಗೆ, ತಿರುಗಿಸಿ. ಮುಂದಿನದು ಕಿಂಡಿಗೆ ಬರುತ್ತದೆ. ಉಲ್ಟಾ ತಿರುಗಿಸಿದರೆ ಪುಲ್ಲಿ ಬೋಲ್ಟೇ ಸಡಿಲಾಗಬಹುದು. ಸ್ಪಾರ್ಕ್ ಪ್ಲಗ್ ತೆಗೆದಿದ್ದರೆ ತಿರುಗಿಸುವುದು ಹಗುರ.

ಬೋಲ್ಟುಗಳು ನಾಲ್ಕೋ ಆರೋ ಇರುತ್ತವೆ, ಕೆಲವಲ್ಲಿ ಮೂರು. ಮ್ಯಾನುಯಲ್ ನೋಡಿ ಎಣಿಸಿ, ತೆಗೆದವನ್ನು ಮತ್ತೊಮ್ಮೆ ಎಣಿಸಿ. ಒಂದನ್ನು ಮರೆತು ಗೇರ್‌ಬಾಕ್ಸನ್ನು ಎಳೆದರೆ ಫ್ಲೆಕ್ಸ್ ಪ್ಲೇಟ್ ಬಾಗುತ್ತದೆ, ಇಲ್ಲವೇ ಕನ್ವರ್ಟರ್ ಪಂಪಿನಿಂದ ಕಳಚಿಕೊಳ್ಳುತ್ತದೆ. ಈ ಬೋಲ್ಟುಗಳನ್ನು ಪ್ರತ್ಯೇಕ ಡಬ್ಬಿಯಲ್ಲಿಡಿ. ಇವುಗಳ ಬದಲು ಸ್ವಲ್ಪ ಉದ್ದದ ಬೋಲ್ಟ್ ಹಾಕಿದರೆ ತುದಿ ಕನ್ವರ್ಟರಿನ ಮೈಯನ್ನು ಒಳಕ್ಕೆ ಉಬ್ಬಿಸುತ್ತದೆ.

ಎಲ್ಲ ತೆಗೆದ ಮೇಲೆ ಕನ್ವರ್ಟರನ್ನು ಸಲಾಕೆಯಿಂದ ಮೆಲ್ಲಗೆ ಗೇರ್‌ಬಾಕ್ಸಿನ ಕಡೆಗೆ ತಳ್ಳಿ. ಕೆಲವು ಮಿ.ಮೀ. ಹಿಂದೆ ಸರಿಯಬೇಕು. ಸರಿಯದಿದ್ದರೆ ಬೋಲ್ಟ್ ಉಳಿದಿದೆಯೋ ತುಕ್ಕು ಹಿಡಿದಿದೆಯೋ ನೋಡಿ.

7. ಎಂಜಿನ್ನಿಗೆ ಆಸರೆ

ಗೇರ್‌ಬಾಕ್ಸಿನ ಮೌಂಟನ್ನು, ಅಂದರೆ ಅದನ್ನು ಕಾರಿನ ಮೈಗೆ ಹಿಡಿದಿಡುವ ರಬ್ಬರ್ ಆಸರೆಯನ್ನು, ಬಿಚ್ಚಿದರೆ ಎಂಜಿನ್ ಆ ಕಡೆಗೆ ವಾಲುತ್ತದೆ. ಸಪೋರ್ಟ್ ಬಾರನ್ನು ಎರಡೂ ಫೆಂಡರಿನ ಒಳಗಿನ ಗಟ್ಟಿ ಅಂಚಿನ ಮೇಲೆ ಕೂರಿಸಿ, ಎಂಜಿನ್ನಿನ ಎತ್ತುಕೊಕ್ಕೆಗೆ ಸರಪಳಿ ಹಾಕಿ ಬಿಗಿ ಮಾಡಿ. ಎಂಜಿನ್ನಿನ ಎಣ್ಣೆ ತಟ್ಟೆಯ ಕೆಳಗೆ ಜಾಕ್ ಕೊಡುವ ರೂಢಿಯಿದೆ. ಮರದ ಹಲಗೆ ಇಟ್ಟರೂ ಆ ತಟ್ಟೆ ತಗ್ಗಾಗಬಹುದು. ಅದಕ್ಕಿಂತ ಮುಖ್ಯವಾಗಿ, ನೀವು ಕೆಳಗಿರುವಾಗ ಎಂಜಿನ್ ಮತ್ತೆ ಒಂದು ಹೈಡ್ರಾಲಿಕ್ ಸೀಲಿನ ಮೇಲೆ ನಿಂತಂತಾಗುತ್ತದೆ.

8. ಇಳಿಸುವುದು

ಗೇರ್‌ಬಾಕ್ಸ್ ಜಾಕನ್ನು ಭಾರದ ನಡುಬಿಂದುವಿಗೆ ಕೊಟ್ಟು, ರ‍್ಯಾಚೆಟ್ ಪಟ್ಟಿಯಿಂದ ಕಟ್ಟಿ. ಮೌಂಟುಗಳನ್ನು, ಅಡ್ಡಿಯಾದರೆ ಸಬ್‌ಫ್ರೇಮನ್ನು, ಕೆಳಗಿನ ಬೆಲ್ ಹೌಸಿಂಗ್ ಬೋಲ್ಟುಗಳನ್ನು ಬಿಚ್ಚಿ, ಉಳಿಸಿಕೊಂಡ ಎರಡನ್ನು ಕೊನೆಗೆ ತೆಗೆಯಿರಿ. ಸಬ್‌ಫ್ರೇಮ್ ಇಳಿಸುವುದಿದ್ದರೆ ಸ್ಟೀರಿಂಗ್ ಜಾಯಿಂಟ್ ಬಿಡಿಸಬೇಕು. ಆಮೇಲೆ ಸ್ಟೀರಿಂಗ್ ಚಕ್ರವನ್ನು ಯಾರೂ ತಿರುಗಿಸಬಾರದು. ತಿರುಗಿಸಿದರೆ ಏರ್‌ಬ್ಯಾಗಿನ ಸುರುಳಿ ತಂತಿ ತುಂಡಾಗಬಹುದು.

ಬೋಲ್ಟೆಲ್ಲ ಬಂದರೂ ಗೇರ್‌ಬಾಕ್ಸ್ ಅಂಟಿಕೊಂಡೇ ಇದ್ದರೆ ಡೋವೆಲ್ ಬಿಡುತ್ತಿಲ್ಲ ಎಂದರ್ಥ. ಡೋವೆಲ್ ಎಂದರೆ ಎರಡೂ ಮೈಗಳನ್ನು ಒಂದೇ ನೇರದಲ್ಲಿಡುವ ಗಿಡ್ಡ ಉಕ್ಕಿನ ಕೊಳವೆ. ಅದರ ಸುತ್ತ ಸಂದಿಗೆ ನುಸುಳುವ ಎಣ್ಣೆ ಬಿಟ್ಟು, ಎರಡೂ ಪಕ್ಕ ಸಮವಾಗಿ ಸ್ವಲ್ಪ ಸ್ವಲ್ಪವೇ ಮೀಟಿ. ಜೋಡಣೆಯ ಸಂದಿಗೆ ಸ್ಕ್ರೂಡ್ರೈವರ್ ಬಡಿದರೆ ಅಲ್ಯೂಮಿನಿಯಂ ಮೈಯಲ್ಲಿ ಗಾಯವಾಗುತ್ತದೆ.

ಒಂದಿಂಚು ಬಿಟ್ಟಾಗ ನಿಲ್ಲಿಸಿ. ಟಾರ್ಚ್ ಹಾಕಿ ಕನ್ವರ್ಟರ್ ಗೇರ್‌ಬಾಕ್ಸಿನ ಜೊತೆ ಬಂದಿದೆಯೇ ನೋಡಿ. ಬಂದಿದ್ದರೆ ಇನ್ನಷ್ಟು ಸರಿಸಿ, ಬೆಲ್ ಹೌಸಿಂಗಿನ ಬಾಯಿಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿಯೊಂದನ್ನು ಬೋಲ್ಟ್ ಮಾಡಿ. ಇಲ್ಲದಿದ್ದರೆ ಬಾಯಿ ತಗ್ಗಿದ ಕ್ಷಣ, ಹತ್ತು ಕೆ.ಜಿ.ಗೂ ಮಿಕ್ಕಿದ ಆ ಡಬ್ಬಿ ಎಣ್ಣೆ ಸಮೇತ ಜಾರಿ ಕಾಲ ಮೇಲೆ ಬೀಳುತ್ತದೆ.

ಈಗ ಇಳಿಸಿ, ಒಮ್ಮೆಗೆ ಎರಡು ಇಂಚು. ಒಬ್ಬರು ಜಾಕಿನ ವಾಲ್ವ್ ಹಿಡಿದಿರಲಿ, ಇನ್ನೊಬ್ಬರು ಪಕ್ಕದಿಂದ ವೈರು, ಪೈಪು ಸಿಕ್ಕಿಕೊಂಡಿದೆಯೇ ನೋಡುತ್ತಿರಲಿ. ಗೇರ್‌ಬಾಕ್ಸಿನ ಕೆಳಗೆ ಯಾರ ಕೈಯೂ ಕಾಲೂ ಇರಕೂಡದು. ಅದು ವಾಲಿದರೆ ಹಿಡಿಯಲು ಹೋಗಬೇಡಿ, ಬೀಳಲು ಬಿಡಿ. ಒಡೆದ ಗೇರ್‌ಬಾಕ್ಸಿಗೆ ಇನ್ನೊಂದು ಸಿಗುತ್ತದೆ.

9. ಮತ್ತೆ ಕೂರಿಸುವಾಗ

ಇಳಿದಿರುವಾಗಲೇ ಫ್ಲೆಕ್ಸ್ ಪ್ಲೇಟಿನಲ್ಲಿ ಬಿರುಕಿದೆಯೇ, ಎಂಜಿನ್ನಿನ ಹಿಂದಿನ ಸೀಲು ಜಿನುಗುತ್ತಿದೆಯೇ ನೋಡಿ. ಹಳೆಯ ಗೇರ್‌ಬಾಕ್ಸ್ ಒಳಗೆ ಪುಡಿಯಾಗಿದ್ದರೆ ಕೂಲರ್ ಮತ್ತು ಪೈಪನ್ನು ಪೂರ್ತಿ ತೊಳೆಯಿರಿ. ತೊಳೆದು ಶುದ್ಧವಾಗದ ಕೂಲರನ್ನು ಬದಲಿಸಿ.

ಕನ್ವರ್ಟರ್ ಹೊಸದಾಗಿದ್ದರೆ ಅದಕ್ಕೆ ಒಂದು ಲೀಟರಿನಷ್ಟು ಹೊಸ ಎಣ್ಣೆ ತುಂಬಿ. ಬಳಿಕ ಕೂರಿಸಿ, ಒತ್ತುತ್ತಲೇ ತಿರುಗಿಸಿ. ಅದು ಎರಡು ಅಥವಾ ಮೂರು ಸಲ "ಟಕ್" ಎಂದು ಒಳಕ್ಕೆ ಇಳಿಯಬೇಕು. ಕೊನೆಯದು ಪಂಪಿಗೆ ಕಚ್ಚಿಕೊಳ್ಳುವ ಸದ್ದು. ಕಿವಿಯನ್ನಷ್ಟೇ ನಂಬಬೇಡಿ. ಬೆಲ್ ಹೌಸಿಂಗಿನ ಬಾಯಿಗೆ ನೇರ ಪಟ್ಟಿ ಅಡ್ಡವಿಟ್ಟು, ಅಲ್ಲಿಂದ ಕನ್ವರ್ಟರಿನ ಬೋಲ್ಟು ಕೂರುವ ಮೈಗೆ ಎಷ್ಟು ಆಳವೆಂದು ವರ್ನಿಯರ್‌ನಲ್ಲಿ ಅಳೆದು ಮ್ಯಾನುಯಲ್‌ಗೆ ಹೋಲಿಸಿ. ಆಳ ಕಡಿಮೆಯಿದ್ದರೆ ಅದು ಪೂರ್ತಿ ಕೂತಿಲ್ಲ.

ಗೇರ್‌ಬಾಕ್ಸ್ ಎಂಜಿನ್ನಿಗೆ ಕೈಯಲ್ಲೇ ತಳ್ಳಿದರೆ ಸೇರಬೇಕು. ಸೇರದಿದ್ದಾಗ ಬೋಲ್ಟಿನಿಂದ ಎಳೆದು ಬಿಗಿಯುವವರಿದ್ದಾರೆ. ಆಗ ಕನ್ವರ್ಟರಿನ ಕೊಳವೆ ಪಂಪಿನ ಗೇರನ್ನು ಒಡೆಯುತ್ತದೆ, ಎಂಜಿನ್ ಶುರುವಾದ ಕೆಲವೇ ಕ್ಷಣಗಳಲ್ಲಿ ರಿಪೇರಿಯೆಲ್ಲ ನೀರುಪಾಲು. ಸೇರಿದ ಮೇಲೂ ಕನ್ವರ್ಟರ್ ಕೈಯಲ್ಲಿ ತಿರುಗಬೇಕು, ಫ್ಲೆಕ್ಸ್ ಪ್ಲೇಟಿಗೂ ಅದಕ್ಕೂ ನಡುವೆ ಕೆಲವು ಮಿ.ಮೀ. ಸಂದಿ ಇರಬೇಕು. ಆಮೇಲಷ್ಟೇ ಬೋಲ್ಟ್ ಹಾಕಿ, ಟಾರ್ಕ್ ರೆಂಚಿನಲ್ಲಿ ಬಿಗಿಯಿರಿ. ಶಾಫ್ಟಿನ ಕ್ಲಿಪ್, ಎಣ್ಣೆ ಸೀಲು, ಆಕ್ಸಲ್ ನಟ್ ಹೊಸದೇ ಇರಲಿ.

ಎಣ್ಣೆಯಲ್ಲಿ ಒಂದರ ಬದಲು ಇನ್ನೊಂದು ನಡೆಯುವುದಿಲ್ಲ. ಹ್ಯುಂಡೈನ 6 ಸ್ಪೀಡಿಗೆ ಎಸ್‌ಪಿ-4, ಹೋಂಡಾ ಸಿವಿಟಿಗೆ ಎಚ್‌ಸಿಎಫ್-2 ಎಂಬಂತೆ ನಿಮ್ಮ ಕಾರಿಗೆ ಹೇಳಿರುವುದನ್ನೇ ತನ್ನಿ. ಅಳೆದಿಟ್ಟ ಲೆಕ್ಕದಷ್ಟು ಮೊದಲು ತುಂಬಿ, ಅದಾಗದೆ ಎಂಜಿನ್ ಶುರುಮಾಡಬೇಡಿ. ಶುರುವಾದ ಮೇಲೆ ಬ್ರೇಕ್ ತುಳಿದು ಪಿ, ಆರ್, ಎನ್, ಡಿ ಪ್ರತಿಯೊಂದರಲ್ಲೂ ಕೆಲವು ಸೆಕೆಂಡ್ ನಿಲ್ಲಿಸಿ. ಮಟ್ಟ ನೋಡುವಾಗ ಕಾರು ಸಮತಟ್ಟಾಗಿರಬೇಕು; ಮುಂಭಾಗ ಸ್ಟ್ಯಾಂಡಿನ ಮೇಲಿದ್ದರೆ ಮಟ್ಟ ತಪ್ಪು ತೋರಿಸುತ್ತದೆ. ಎಣ್ಣೆಯ ಉಷ್ಣತೆಯನ್ನು ಸ್ಕ್ಯಾನರಿನಲ್ಲಿ ನೋಡುತ್ತ, ಮ್ಯಾನುಯಲ್ ಹೇಳಿದ ಡಿಗ್ರಿಗೆ ಬಂದಾಗ, ಎಂಜಿನ್ ಓಡುತ್ತಿರುವಂತೆಯೇ ಪರೀಕ್ಷಿಸಿ.

ಕೊನೆಗೆ ಸ್ಕ್ಯಾನರಿನಲ್ಲಿ ಹಳೆಯ ಕೋಡುಗಳನ್ನು ಅಳಿಸಿ, ಗೇರ್‌ಬಾಕ್ಸ್ ಕಂಪ್ಯೂಟರಿನ ಹಳೆಯ ಕಲಿಕೆಯನ್ನು ರೀಸೆಟ್ ಮಾಡಿ. ಸುಟ್ಟ ಪ್ಲೇಟಿಗೆ ಹೊಂದಿಸಿಕೊಂಡಿದ್ದ ಒತ್ತಡವನ್ನೇ ಅದು ಹೊಸ ಪ್ಲೇಟಿಗೂ ಕೊಟ್ಟರೆ ಗೇರು ಬೀಳುವಾಗ ಜರ್ಕ್ ಹೊಡೆಯುತ್ತದೆ. ಮೊದಲ 20 ಕಿ.ಮೀ. ನಿಧಾನವಾಗಿ ಓಡಿಸಿ, ಮನೆಗೆ ಬಂದು ಕಾರಿನ ಕೆಳಗೆ ರಟ್ಟು ಹಾಸಿ. ಬೆಳಿಗ್ಗೆ ಅದರ ಮೇಲೆ ಹನಿ ಬಿದ್ದಿದ್ದರೆ ಅದು ಶಾಫ್ಟಿನ ಸೀಲಿನದೋ, ಕೂಲರ್ ಪೈಪಿನದೋ, ಬೆಲ್ ಹೌಸಿಂಗಿನ ನಡುವಿನಿಂದ ಬಂದದ್ದೋ ಎಂದು ಜಾಗ ನೋಡಿ ಹೇಳಬಹುದು. ಮೊದಲ ಎರಡನ್ನು ಹೊರಗಿನಿಂದಲೇ ಸರಿಪಡಿಸಬಹುದು. ಮೂರನೆಯದು ಗೇರ್‌ಬಾಕ್ಸ್ ಎಣ್ಣೆಯೇ ಆಗಿದ್ದರೆ ಮತ್ತೆ ಇಳಿಸಬೇಕು.